ನಾಯಕರಾಗಲು ಸ್ಪರ್ಧೆಯೊಂದೇ ಸಾಕೆ?



ನಿಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಒಂದು ಮರದ ಫಲಕ ತೂಗುಹಾಕಿರುವುದನ್ನು ನೀವು ನೋಡಿರಬಹುದು. ವರ್ಷ ವರ್ಷವೂ ಅತಿ ಹೆಚ್ಚು ಅಂಕ ಪಡೆದವರ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ. ಆ ಹೆಸರುಗಳ ಬಗ್ಗೆ ಹೆಮ್ಮೆ ಪಡುವುದು ಸರಿಯೇ. ಆದರೆ ಗಣಿತದಲ್ಲಿ ಹಿಂದೆ ಬಿದ್ದ ಗೆಳತಿಗೆ ಸಂಜೆಯ ಹೊತ್ತು ಲೆಕ್ಕ ಹೇಳಿಕೊಟ್ಟು ಅವಳನ್ನು ಪಾಸಾಗುವಂತೆ ಮಾಡಿದ ಹುಡುಗಿಯ ಹೆಸರನ್ನು ಯಾವ ಫಲಕದ ಮೇಲಾದರೂ ಕಂಡಿದ್ದೀರಾ? ಬಹುಶಃ ಇಲ್ಲ.

ಈಗ ಒಂದು ಪ್ರಶ್ನೆ. ನಾಳೆ ನಿಮ್ಮ ಊರಿನ ಗ್ರಾಮ ಪಂಚಾಯಿತಿಯನ್ನೋ ಸಹಕಾರ ಸಂಘವನ್ನೋ ನಡೆಸಲು ಒಬ್ಬರು ಬೇಕು. ಮೊದಲ ಫಲಕದಲ್ಲಿ ಹೆಸರಿರುವವರನ್ನು ಆರಿಸುತ್ತೀರೋ, ಹೆಸರೇ ಇಲ್ಲದ ಎರಡನೆಯವಳನ್ನೋ? ಇಬ್ಬರೂ ಒಬ್ಬಳೇ ಆಗಿದ್ದರೆ ಚಿಂತೆಯಿಲ್ಲ. ಆಗಿಲ್ಲದಿದ್ದರೆ?

ಇದು ದೂರದ ಮಾತಲ್ಲ. ನಮ್ಮಲ್ಲಿ 18 ವರ್ಷಕ್ಕೆ ಮತದಾನದ ಹಕ್ಕು ಬರುತ್ತದೆ, 21 ತುಂಬಿದರೆ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು. ಇಂದು ದ್ವಿತೀಯ ಪಿ.ಯು.ಸಿ.ಯಲ್ಲಿರುವವರು ನಾಲ್ಕೈದು ವರ್ಷಗಳಲ್ಲಿ ಊರಿನ ನೀರು, ರಸ್ತೆ, ಶಾಲೆಗಳ ವಿಷಯದಲ್ಲಿ ತೀರ್ಮಾನ ಕೈಗೊಳ್ಳುವವರಾಗಬಹುದು. ಆ ಹೊಣೆಗೆ ನಿಮ್ಮನ್ನು ಸಿದ್ಧಗೊಳಿಸುವುದು ಸ್ಪರ್ಧೆಯೋ ಸಹಕಾರವೋ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಉದಾಹರಣೆಗಳಿಗಾಗಿ ಹೆಚ್ಚು ದೂರ ಹೋಗಬೇಕಾಗಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕನಕಗಿರಿಗಳ ನೆಲದಲ್ಲೇ ಅವು ಸಿಗುತ್ತವೆ.

ಎರಡು ಪದಗಳ ಅರ್ಥ

ಮೊದಲು ಸ್ಪರ್ಧೆ ಮತ್ತು ಸಹಕಾರ ಎಂಬ ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟನ್ ಡಾಯ್ಚ್ 1949ರಲ್ಲಿ ಇವೆರಡರ ವ್ಯತ್ಯಾಸವನ್ನು ಸರಳವಾಗಿ ವಿವರಿಸಿದರು. ನನ್ನ ಗುರಿಗೂ ನಿಮ್ಮ ಗುರಿಗೂ ಇರುವ ಸಂಬಂಧ ಎಂಥದು ಎಂಬುದೇ ಇಲ್ಲಿ ಮುಖ್ಯ. ನೀವು ಸೋತರೆ ಮಾತ್ರ ನಾನು ಗೆಲ್ಲುವುದಾದರೆ ಅದು ಸ್ಪರ್ಧೆ. ನೀವು ಮುಟ್ಟಿದರೆ ಮಾತ್ರ ನಾನೂ ಗುರಿ ಮುಟ್ಟುವುದಾದರೆ ಅದು ಸಹಕಾರ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಇದು ಮನುಷ್ಯರ ಒಳ್ಳೆಯತನ, ಕೆಟ್ಟತನಗಳ ಮಾತಲ್ಲ, ಏರ್ಪಾಡಿನ ಮಾತು. ಅದೇ ಮೂವತ್ತು ವಿದ್ಯಾರ್ಥಿಗಳಿಗೆ ಒಂದೇ ಬಹುಮಾನ ಇಟ್ಟರೆ ಅವರು ನೋಟ್ಸ್ ಬಚ್ಚಿಡುತ್ತಾರೆ. ಇಡೀ ತರಗತಿ ಪಾಸಾದರೆ ಎಲ್ಲರಿಗೂ ಹಂಪಿ ಪ್ರವಾಸ ಎಂದರೆ ಅದೇ ನೋಟ್ಸನ್ನು ಹಂಚಿಕೊಳ್ಳುತ್ತಾರೆ. ಹುಡುಗರು ಬದಲಾಗಲಿಲ್ಲ, ಏರ್ಪಾಡು ಬದಲಾಯಿತು.

ಕಾಲುವೆ ಕಲಿಸುವ ಪಾಠ

ಈ ಮಾತನ್ನು ತುಂಗಭದ್ರಾ ಎಡದಂಡೆ ಕಾಲುವೆಯಷ್ಟು ಚೆನ್ನಾಗಿ ಕಲಿಸುವ ಪಾಠಪುಸ್ತಕ ಇನ್ನೊಂದಿಲ್ಲ. 1945ರಲ್ಲಿ ಕಾಮಗಾರಿ ಆರಂಭವಾದ ಈ ಅಣೆಕಟ್ಟಿನಿಂದ 1953ರಲ್ಲಿ ಹೊಲಗಳಿಗೆ ನೀರು ಹರಿಯತೊಡಗಿತು. ಮುನಿರಾಬಾದಿನಲ್ಲಿ ಹೊರಡುವ ಎಡದಂಡೆ ಮುಖ್ಯ ಕಾಲುವೆ ಕೊಪ್ಪಳ, ಗಂಗಾವತಿ, ಕಾರಟಗಿ ಭಾಗಗಳನ್ನು ಹಾಯ್ದು, ಸಿಂಧನೂರು, ಮಾನ್ವಿಗಳ ಮೂಲಕ ರಾಯಚೂರಿನ ಕಡೆಗೆ ಸುಮಾರು 227 ಕಿ.ಮೀ. ಸಾಗುತ್ತದೆ.

ಯೋಜನೆ ರೂಪಿಸಿದವರು ಹೆಚ್ಚು ಎಕರೆಗೆ ಸ್ವಲ್ಪ ಸ್ವಲ್ಪ ನೀರು ಸಿಗಬೇಕೆಂದು ಲೆಕ್ಕ ಹಾಕಿದ್ದರು. ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಬಹುಭಾಗ, ಭತ್ತಕ್ಕೆ ಕಡಿಮೆ ಭಾಗ ಎಂಬುದು ಅವರ ಎಣಿಕೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಕೈಗೆಟುಕುವಷ್ಟು ಹತ್ತಿರವಿತ್ತು, ಭತ್ತದಿಂದ ಆದಾಯವೂ ಚೆನ್ನಾಗಿತ್ತು. ಹೀಗಾಗಿ ಅಲ್ಲಿ ಭತ್ತ ಹಬ್ಬಿತು. ಗಂಗಾವತಿ ಭತ್ತದ ಕಣಜವಾಯಿತು. ಅತ್ತ ಕೊನೆ ಭಾಗದ ರೈತ ಮಾತ್ರ ಬೇಸಗೆ ಬಂತೆಂದರೆ ಒಣಗಿದ ಕಾಲುವೆಯಲ್ಲಿ ನಿಂತು ಮೇಲೆ ನೋಡುವಂತಾಯಿತು.

ಮೇಲಿನವರು ದುಷ್ಟರೇ? ಅಲ್ಲ. ‘ನಾನು ಇಂದು ತೂಬು ಎತ್ತದಿದ್ದರೆ ಪಕ್ಕದವನು ಎತ್ತುತ್ತಾನೆ’ ಎಂಬ ಭಯ ಒಬ್ಬೊಬ್ಬರಿಗೂ ಇತ್ತು. ಪ್ರತಿಯೊಬ್ಬನೂ ತನ್ನ ಗದ್ದೆಯ ಮಟ್ಟಿಗೆ ಬುದ್ಧಿವಂತನೇ. ಎಲ್ಲರ ಬುದ್ಧಿವಂತಿಕೆ ಕೂಡಿದಾಗ ಮಾತ್ರ ಕಾಲುವೆಗೆ ನಷ್ಟವಾಯಿತು. ಸ್ಪರ್ಧೆಯ ದೊಡ್ಡ ಮಿತಿ ಇದು. ಒಬ್ಬೊಬ್ಬರೂ ಗೆಲ್ಲಲು ಹೊರಟು ಎಲ್ಲರೂ ಸೋಲುವುದು ಸಾಧ್ಯ.

ಈ ಗಂಟನ್ನು ಬಿಡಿಸಲೆಂದೇ ನೀರು ಬಳಕೆದಾರರ ಸಹಕಾರ ಸಂಘಗಳು ಹುಟ್ಟಿದವು. ಒಂದು ಉಪಕಾಲುವೆಯ ರೈತರೆಲ್ಲ ಸದಸ್ಯರಾಗಿ ಸರದಿ ಗೊತ್ತುಮಾಡಿಕೊಳ್ಳುವುದು, ಹೂಳು ತೆಗೆಯುವುದು, ನೀರಿನ ಕರ ಕಟ್ಟುವುದು ಅವುಗಳ ಕೆಲಸ. ಇವು ಎಲ್ಲ ಕಡೆಯೂ ಗೆದ್ದಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಎಷ್ಟೋ ಕಡೆ ಸಂಘ ಕಾಗದದ ಮೇಲಷ್ಟೇ ಉಳಿದಿದೆ. ಅದನ್ನು ನಡೆಸಲು ಬೇಕಾದವರು ಅತಿ ಜೋರಾಗಿ ಮಾತಾಡುವವರೂ ಅಲ್ಲ, ಅತಿ ಹೆಚ್ಚು ಭೂಮಿ ಉಳ್ಳವರೂ ಅಲ್ಲ. ಮೇಲಿನ ಗದ್ದೆಯವನು ಒಪ್ಪುವಂತೆ, ಕೊನೆಯ ಗದ್ದೆಯವನು ನಂಬುವಂತೆ ಸರದಿ ಹಾಕಬಲ್ಲವರು ಬೇಕು. ಆ ಗುಣವನ್ನು ನಾವು ಯಾವ ಪರೀಕ್ಷೆಯಲ್ಲಿ ಅಳೆಯುತ್ತೇವೆ?

ಇಪ್ಪತ್ತೆರಡು ಹುಡುಗರ ಶಿಬಿರ

ಸ್ಪರ್ಧೆ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು 1954ರಲ್ಲಿ ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ ಒಂದು ಪ್ರಯೋಗ ನಡೆಯಿತು. ನಡೆಸಿದವರು ತುರ್ಕಿಯಲ್ಲಿ ಹುಟ್ಟಿದ ವಿದ್ವಾಂಸ ಮುಜಫರ್ ಷೆರಿಫ್ ಮತ್ತು ಅವರ ಸಂಗಡಿಗರು. ಹನ್ನೊಂದು ಹನ್ನೆರಡು ವರ್ಷದ 22 ಹುಡುಗರನ್ನು ಎರಡು ತಂಡ ಮಾಡಿ ಬೇಸಗೆ ಶಿಬಿರಕ್ಕೆ ಕರೆದೊಯ್ದರು. ಆಟಗಳಲ್ಲಿ ಗೆದ್ದ ತಂಡಕ್ಕೆ ಮಾತ್ರ ಬಹುಮಾನ ಎಂದು ಸಾರಿದರು. ಕೆಲವೇ ದಿನಗಳಲ್ಲಿ ಬೈಗುಳ ಆರಂಭವಾಯಿತು. ಒಂದು ತಂಡ ಇನ್ನೊಂದರ ಧ್ವಜ ಸುಟ್ಟಿತು, ಗುಡಿಸಲುಗಳ ಮೇಲೆ ದಾಳಿಗಳು ನಡೆದವು.

ಜಗಳ ನಿಲ್ಲಿಸಲು ಮೊದಲು ಎರಡೂ ತಂಡಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು. ಅವರು ಊಟವನ್ನೇ ಒಬ್ಬರ ಮೇಲೊಬ್ಬರು ಎರಚಾಡಿಕೊಂಡರು. ಅನಂತರ ಶಿಬಿರದ ಕುಡಿಯುವ ನೀರು ನಿಂತುಹೋಗುವಂತೆ ಮಾಡಿದರು. ಬಾಯಾರಿದ ಹುಡುಗರು ಎರಡೂ ಕಡೆಯಿಂದ ತೊಟ್ಟಿಯ ಬಳಿಗೆ ಬಂದು, ಕಟ್ಟಿಕೊಂಡಿದ್ದ ನಲ್ಲಿಯನ್ನು ಬಿಡಿಸಲು ಒಂದಾದರು. ಇನ್ನೊಮ್ಮೆ ಕೆಟ್ಟುನಿಂತ ಲಾರಿಯನ್ನು ಹಗ್ಗ ಕಟ್ಟಿ ಎಳೆದರು. ಒಬ್ಬ ತಂಡದಿಂದ ಆಗದ ಇಂಥ ಕೆಲಸಗಳು ನಾಲ್ಕಾರು ಬಾರಿ ಬಂದ ಮೇಲೆ ಹಗೆತನ ಕರಗಿತು. ಕೊನೆಯ ದಿನ ಎಲ್ಲರೂ ಒಂದೇ ಬಸ್ಸಿನಲ್ಲಿ ಊರಿಗೆ ಮರಳಿದರು.

ಇದರ ಹಿಂದಿನ ವರ್ಷ, 1953ರಲ್ಲಿ, ಷೆರಿಫ್ ಇಂಥದೇ ಇನ್ನೊಂದು ಶಿಬಿರ ನಡೆಸಿದ್ದರು. ಅಲ್ಲಿ ಹುಡುಗರನ್ನು ತಂಡಗಳಾಗಿ ಬೇರ್ಪಡಿಸುವ ಮೊದಲೇ ಅವರ ನಡುವೆ ಸ್ನೇಹ ಬೆಳೆದಿತ್ತು. ಏನು ಮಾಡಿದರೂ ಅವರು ನಿರೀಕ್ಷಿಸಿದಂತೆ ಹಗೆಗಳಾಗಲಿಲ್ಲ, ಪ್ರಯೋಗವನ್ನು ಅರ್ಧಕ್ಕೇ ಕೈಬಿಡಬೇಕಾಯಿತು. ಈ ಎರಡನೆಯ ಕಥೆಯೂ ನಮಗೆ ಅಷ್ಟೇ ಮುಖ್ಯ. ಸ್ನೇಹ ಮೊದಲಿದ್ದರೆ ಸ್ಪರ್ಧೆ ವಿಷವಾಗದೆ ಉಳಿಯಬಹುದು.

ಹತ್ತೊಂಬತ್ತನೆಯ ಗೇಟು

ಶಿಬಿರದಲ್ಲಿ ಬೇಕೆಂದೇ ಒಡ್ಡಿದ ಸಂಕಟ ನಮ್ಮಲ್ಲಿ ನಿಜವಾಗಿಯೇ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಹೂಳಿನಿಂದಾಗಿ ಸುಮಾರು 133 ಟಿ.ಎಂ.ಸಿ.ಯಿಂದ ಸುಮಾರು 105 ಟಿ.ಎಂ.ಸಿ.ಗೆ ಇಳಿದಿರುವ ಅದರ ಸಾಮರ್ಥ್ಯದಲ್ಲಿ ಇನ್ನಷ್ಟು ನೀರು ನದಿಯ ಪಾಲಾಗುತ್ತಿತ್ತು. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರೂ ರಾಜ್ಯಗಳ ರೈತರ ಬೆಳೆ ಈ ನೀರನ್ನೇ ನೆಚ್ಚಿತ್ತು. ನೀರಿನ ಪಾಲಿಗಾಗಿ ವಾದ ಹೂಡುವ ರಾಜ್ಯಗಳಿಗೂ ಮೇಲ್ಭಾಗ, ಕೆಳಭಾಗದ ರೈತರಿಗೂ ಆ ವಾರ ಚಿಂತೆ ಒಂದೇ ಆಗಿತ್ತು.

ನೀರು ಇಳಿಯುವವರೆಗೆ ಕಾದರೆ ಬೆಳೆಗೆ ನೀರು ಉಳಿಯದು. ಹರಿಯುವ ನೀರಿನಲ್ಲೇ ಕೆಲಸ ಮಾಡಿದರೆ ಪ್ರಾಣಾಪಾಯ. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆಗಳನ್ನು ತಯಾರಿಸಿ ಒಂದರ ಮೇಲೊಂದು ಇಳಿಸಲು ನಿರ್ಧರಿಸಲಾಯಿತು. ಆಗಸ್ಟ್ 16ರಂದು ಮೊದಲ ಹಲಗೆ ನೀರಿನಲ್ಲಿ ಕೂತಿತು. ಅದರ ಮೇಲೆ ಉಳಿದವೂ ಕೂತಂತೆ ಆ ಕಿಂಡಿಯ ಹರಿವು ಹತೋಟಿಗೆ ಬಂತು.

ಪತ್ರಿಕೆಗಳು ಒಬ್ಬರ ಹೆಸರನ್ನು ದೊಡ್ಡದಾಗಿ ಬರೆದವು, ಅದಕ್ಕೆ ಅವರು ಅರ್ಹರೇ. ಆದರೆ ಅಳತೆ ತೆಗೆದ ಎಂಜಿನಿಯರುಗಳು, ಹಗಲಿರುಳು ಬೆಸುಗೆ ಹಾಕಿದ ಕಾರ್ಖಾನೆಯ ಕೆಲಸಗಾರರು, ಕ್ರೇನ್ ನಡೆಸಿದವರು, ಅಬ್ಬರಿಸುವ ನೀರಿನ ಮೇಲೆ ನಿಂತು ಹಲಗೆಯನ್ನು ಸರಿಯಾದ ಜಾಡಿಗೆ ಕೂರಿಸಿದವರು, ಇವರಲ್ಲಿ ಯಾರೊಬ್ಬರು ತಪ್ಪಿದರೂ ಕೆಲಸ ಕೆಡುತ್ತಿತ್ತು. ‘ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು’ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಆ ದಿನಗಳಲ್ಲಿ ಪಲ್ಲಕ್ಕಿ ಏರುವವರಿಗಿಂತ ಹೊರುವವರು ಹೆಚ್ಚಾಗಿದ್ದರು. ನಾಯಕನಿಗೂ ಒಂದು ಹೆಗಲು ಅಲ್ಲಿ ಮೀಸಲಾಗಿತ್ತು.

ಸಂಕಟ ಬರುವವರೆಗೆ ಕಾಯಬೇಕೆಂದೇನೂ ಇಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ತಾವೇ ಹಳ್ಳಕ್ಕಿಳಿದು ಜನರನ್ನು ಕರೆದಾಗ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಿರೇಹಳ್ಳದ ಕಸ, ಮುಳ್ಳುಕಂಟಿ, ಹೂಳು ತೆರವಾಯಿತು. ಕುಷ್ಟಗಿ ಬಳಿಯ ನಿಡಶೇಸಿ ಕೆರೆಯ ಹೂಳನ್ನೂ ಅದೇ ವರ್ಷ ಜನ ಸೇರಿ ತೆಗೆದರು. ಹಳ್ಳಿಗಳಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿಯುವ ಮುಯ್ಯಾಳು ಪದ್ಧತಿಯನ್ನು ನಿಮ್ಮ ಅಜ್ಜ ಅಜ್ಜಿಯರು ಕಂಡಿದ್ದಾರೆ. ಸಹಕಾರ ನಮಗೆ ಹೊರಗಿನಿಂದ ಬಂದ ಪಾಠವಲ್ಲ.

ನೆರೆಯ ಕಣಗಿನಹಾಳದ ಸಾಕ್ಷಿ

ಆದರೆ ಸಹಕಾರ ಬರೀ ಒಳ್ಳೆಯ ಮನಸ್ಸಿನ ಮೇಲೆ ನಿಲ್ಲುವುದಿಲ್ಲ, ಅದಕ್ಕೆ ನಿಯಮ ಬೇಕು. ಕೊಪ್ಪಳದ ಪಶ್ಚಿಮಕ್ಕೆ ಗದಗಿನ ಬಳಿ ಕಣಗಿನಹಾಳ ಎಂಬ ಹಳ್ಳಿಯಿದೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ದೇಶದ ಸಹಕಾರ ಚಳವಳಿಯ ಇತಿಹಾಸದಲ್ಲಿ ಅದಕ್ಕೆ ಮೊದಲ ಸ್ಥಾನವಿದೆ.

ಆ ಕಾಯಿದೆಯಲ್ಲಿ ಒಂದು ಸ್ವಾರಸ್ಯವಿತ್ತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಅಂದರೆ ಪಕ್ಕದ ಮನೆಯವನು ಸಾಲ ತೀರಿಸದಿದ್ದರೆ ಅದರ ಭಾರ ನಿಮ್ಮ ಮೇಲೂ ಬೀಳುತ್ತಿತ್ತು. ಆದ್ದರಿಂದ ಅವನ ಬೆಳೆ ಹೇಗಿದೆ, ಎತ್ತು ಹೇಗಿದೆ, ಸಾಲದ ಹಣ ಬೀಜಕ್ಕೆ ಹೋಯಿತೋ ಮದುವೆಗೆ ಹೋಯಿತೋ ಎಂಬುದನ್ನು ನೀವು ವಿಚಾರಿಸಲೇಬೇಕಾಗುತ್ತಿತ್ತು. ನೆರೆಯವನ ಗೆಲುವು ನಿಮ್ಮ ಗೆಲುವಾಗುವಂತೆ ನಿಯಮವೇ ಕಟ್ಟಿಹಾಕಿತ್ತು. ಡಾಯ್ಚ್ ಮುಂದೆ ಶಾಸ್ತ್ರವಾಗಿ ಹೇಳಿದ್ದನ್ನು ಕಣಗಿನಹಾಳದ ರೈತರು ಆಗಲೇ ಬಾಳಿ ನೋಡುತ್ತಿದ್ದರು.

ಹಾಗಾದರೆ ಸ್ಪರ್ಧೆ ಬೇಡವೇ?

ಬೇಡ ಎನ್ನುವುದು ಅವಸರದ ಮಾತು. ಸ್ಪರ್ಧಾತ್ಮಕ ಪರೀಕ್ಷೆ ಇಲ್ಲದ ಕಾಲದಲ್ಲಿ ನೌಕರಿ ಯಾರಿಗೆ ಸಿಗುತ್ತಿತ್ತು ಎಂದು ಹಿರಿಯರನ್ನು ಕೇಳಿ. ಶಿಫಾರಸು, ನೆಂಟಸ್ತಿಕೆ, ಜಾತಿ ಇದ್ದವರಿಗೆ. ಕೂಲಿಕಾರರ ಮಗಳು ಯಾರ ಹಂಗೂ ಇಲ್ಲದೆ ಬಾಗಿಲು ತಟ್ಟಲು ಉತ್ತರಪತ್ರಿಕೆಯೇ ದಾರಿಯಾಯಿತು. ಸಂವಿಧಾನದ 371(ಜೆ) ವಿಧಿಯ ತಿದ್ದುಪಡಿ 2012ರಲ್ಲಿ ಅಂಗೀಕಾರವಾಗಿ, ನಮ್ಮ ಭಾಗದ ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲು ಪಾಲು ದೊರೆಯಿತು. ಆ ಪಾಲಿನೊಳಗೂ ಅಂಕಗಳ ಸ್ಪರ್ಧೆ ಇದ್ದೇ ಇದೆ. ನ್ಯಾಯವಾದ ಸ್ಪರ್ಧೆ ಶ್ರಮವನ್ನು ಕಲಿಸುತ್ತದೆ, ನಮ್ಮ ಮಟ್ಟ ಎಲ್ಲಿದೆ ಎಂಬುದನ್ನು ತೋರಿಸುತ್ತದೆ.

ಅದರ ಮಿತಿಯನ್ನು ಮಾತ್ರ ಮರೆಯಬಾರದು. ಸ್ಪರ್ಧೆ ಒಬ್ಬರನ್ನು ಆರಿಸಬಲ್ಲದು. ಆರಿಸಿದ ಮೇಲೆ ಅವರು ಮಾಡಬೇಕಾದ ಕೆಲಸವನ್ನು ಅದು ಕಲಿಸದು. ಚುನಾವಣೆ ಗೆಲ್ಲುವುದು ಸ್ಪರ್ಧೆ. ಗೆದ್ದ ಮರುದಿನ, ಸೋತವರ ಓಣಿಗೂ ನಲ್ಲಿ ಹಾಕಿಸುವುದು ಸಹಕಾರ. ಮೊದಲನೆಯದನ್ನು ಮಾತ್ರ ಕಲಿತವರ ಕೈಗೆ ಊರು ಸಿಕ್ಕರೆ ಏನಾಗುತ್ತದೆ ಎಂಬುದನ್ನು ನೀವು ಕಾಣದವರಲ್ಲ.

ಎರಡೂ ಒಂದೇ ಕಡೆ ಕೂಡಿ ಬಾಳುವುದನ್ನು ನೋಡಬೇಕಾದರೆ ನಿಮ್ಮ ಶಾಲೆಯ ಮೈದಾನಕ್ಕೆ ಹೋಗಿ. ಖೋ-ಖೋದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬ ಬೆನ್ನಟ್ಟುತ್ತಾನೆ. ಒಮ್ಮೆ ದಿಕ್ಕು ಹಿಡಿದರೆ ಅವನು ಹಿಂದಿರುಗುವಂತಿಲ್ಲ, ನಡುವಿನ ಸಾಲನ್ನು ದಾಟುವಂತಿಲ್ಲ. ಎಷ್ಟೇ ವೇಗದ ಓಟಗಾರನಾದರೂ ಸರಿಯಾದ ಹೊತ್ತಿಗೆ ಕೂತವನ ಬೆನ್ನು ಮುಟ್ಟಿ ‘ಖೋ’ ಕೊಡಲೇಬೇಕು. ನಾನೇ ಹಿಡಿಯುತ್ತೇನೆ ಎಂದು ಓಡುತ್ತಲೇ ಇರುವವನ ತಂಡ ಸೋಲುತ್ತದೆ. ಎದುರು ತಂಡದೊಡನೆ ಸ್ಪರ್ಧೆ, ತಂಡದೊಳಗೆ ಸಹಕಾರ, ಆಟ ಮುಗಿದ ಮೇಲೆ ಕೈಕುಲುಕು. ನಾಯಕತ್ವದ ಅಭ್ಯಾಸಕ್ಕೆ ಇದಕ್ಕಿಂತ ಅಗ್ಗದ ಶಾಲೆ ಬೇಕೆ?

ಸಹಕಾರಕ್ಕೂ ಕಾಯಿಲೆಗಳಿವೆ

ಸಹಕಾರದ ಹೆಸರಿನಲ್ಲಿ ನಡೆಯುವ ಸೋಮಾರಿತನವನ್ನೂ ಹೇಳಬೇಕು. ಐವರ ಗುಂಪಿಗೆ ಪ್ರಾಜೆಕ್ಟ್ ಕೊಟ್ಟರೆ ಒಬ್ಬಳು ಬರೆಯುತ್ತಾಳೆ, ನಾಲ್ವರು ಹೆಸರು ಹಾಕುತ್ತಾರೆ. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲ ಎಂಬಂತಾಗುತ್ತದೆ.

ಇದಕ್ಕೆ ಎಲಿಯಟ್ ಆರೊನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಒಂದು ಉಪಾಯ ಕಂಡುಹಿಡಿದರು. ಅಲ್ಲಿ ಬೇರೆ ಬೇರೆ ಜನಾಂಗಗಳ ಮಕ್ಕಳನ್ನು ಆಗಷ್ಟೇ ಒಂದೇ ಶಾಲೆಗೆ ಸೇರಿಸಲಾಗಿತ್ತು, ಜಗಳಗಳು ಹೆಚ್ಚಿದ್ದವು. ಆರೊನ್ಸನ್ ಪಾಠವನ್ನು ತುಂಡು ಮಾಡಿ ಗುಂಪಿನ ಪ್ರತಿ ಮಗುವಿಗೆ ಒಂದೊಂದು ತುಂಡು ಮಾತ್ರ ಕೊಟ್ಟರು. ತನ್ನ ತುಂಡನ್ನು ಕಲಿತು ಉಳಿದವರಿಗೆ ಹೇಳಿಕೊಡಬೇಕು, ಪರೀಕ್ಷೆ ಇಡೀ ಪಾಠದ ಮೇಲೆ. ಆಗ ಯಾರನ್ನೂ ಕಡೆಗಣಿಸುವಂತಿರಲಿಲ್ಲ. ತೊದಲುವ ಹುಡುಗನ ಮಾತನ್ನೂ ಕಿವಿಗೊಟ್ಟು ಕೇಳಬೇಕಾಯಿತು, ಏಕೆಂದರೆ ಆ ತುಂಡು ಅವನ ಬಳಿ ಮಾತ್ರ ಇತ್ತು.

ನೀವೇ ಮಾಡಿ ನೋಡಿ

ಓದಿ ಬಿಡುವುದಕ್ಕಿಂತ ಮಾಡಿ ನೋಡುವುದು ಮೇಲು. ಮೂರು ಕೆಲಸಗಳನ್ನು ಸೂಚಿಸುತ್ತೇವೆ.

ಒಂದು: ತುಂಗಭದ್ರಾ ಯೋಜನೆಯ ಪಾಠವನ್ನು ಐದು ಭಾಗ ಮಾಡಿ. ಅಣೆಕಟ್ಟು, ಕಾಲುವೆ, ಬೆಳೆ, ಹೂಳು, ಕೊನೆ ಭಾಗದ ರೈತ. ಐವರ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಭಾಗ ಕಲಿತು ಇತರರಿಗೆ ಹೇಳಿಕೊಡಿ. ಗುಂಪಿನಲ್ಲಿ ಅತಿ ಕಡಿಮೆ ಅಂಕ ಪಡೆದವರ ಅಂಕವೇ ಗುಂಪಿನ ಅಂಕ ಎಂದು ಇಟ್ಟುಕೊಳ್ಳಿ. ಏನು ಬದಲಾಗುತ್ತದೆ ಗಮನಿಸಿ.

ಎರಡು: ತರಗತಿಯ ನಾಯಕರನ್ನು ವರ್ಷಕ್ಕೊಮ್ಮೆ ಆರಿಸುವ ಬದಲು ತಿಂಗಳಿಗೊಬ್ಬರಂತೆ ಸರದಿ ಮಾಡಿ. ಮಾತು ಕಡಿಮೆ ಇರುವವರ ಸರದಿ ಬಂದಾಗ ಉಳಿದವರು ಅವರನ್ನು ನಡೆಸಿಕೊಳ್ಳುವ ರೀತಿಯೂ ಒಂದು ಪರೀಕ್ಷೆಯೇ.

ಮೂರು: ನಿಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದರೆ ತಪ್ಪದೆ ಹೋಗಿ. ನಿಮ್ಮ ಓಣಿಯ ಬೇಡಿಕೆಯನ್ನು ಮಾತ್ರ ಹೇಳಬೇಡಿ. ಸಭೆಗೆ ಬರಲಾಗದ ಒಬ್ಬರ ಬೇಡಿಕೆಯನ್ನು ಮೊದಲು ಕೇಳಿಕೊಂಡು ಹೋಗಿ, ಅದನ್ನೂ ಮಂಡಿಸಿ.

ಮಿತ್ರರೇ, ಕಾಲುವೆ ಚೆನ್ನಾಗಿದೆಯೇ ಎಂಬುದನ್ನು ತಿಳಿಯಲು ಎಂಜಿನಿಯರುಗಳು ಮುನಿರಾಬಾದಿನಲ್ಲಿ ನಿಂತು ನೋಡುವುದಿಲ್ಲ. ಅಲ್ಲಿ ನೀರು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಕೊನೆಯ ತೂಬಿನ ಹತ್ತಿರ ಹೋಗಿ ನೋಡಬೇಕು. ತರಗತಿಯನ್ನೂ ಊರನ್ನೂ ಹಾಗೆಯೇ ನೋಡುವ ಅಭ್ಯಾಸ ಮಾಡಿಕೊಳ್ಳಿ. ಈ ಬಾರಿ ಫಲಿತಾಂಶ ಬಂದ ದಿನ ಫಲಕದ ಮೇಲೆ ನಿಮ್ಮ ಹೆಸರು ಇರಲಿ ಎಂದು ಹಾರೈಸುತ್ತೇವೆ. ಅದನ್ನು ಓದಿದ ಮೇಲೆ ಪಟ್ಟಿಯ ಕೆಳಗಿನ ತುದಿಯವರೆಗೂ ಒಮ್ಮೆ ಕಣ್ಣಾಡಿಸಿ. ಅಲ್ಲಿರುವ ಗೆಳೆಯನ ಮನೆಗೆ ಆ ಸಂಜೆಯೇ ಹೋಗಿ, ಮರುಪರೀಕ್ಷೆಗೆ ಯಾವ ವಿಷಯದಿಂದ ಶುರು ಮಾಡೋಣ ಎಂದು ಕೇಳಿ.